ಅಡ್ಡಬೆಳಕು

ಗಂಟೆ ಒಂಬತ್ತಾಗುತ್ತ ಬಂದಿದ್ದರೂ ಆ ದಿನದ ಬಟ್ಟೆ ಅಕ್ಪೆನೆಗೆ ಇನ್ನೂ ಕಂಡಿರಲಿಲ್ಲ. ಬೆಳಿಗ್ಗೆ ಏಳರಿಂದ ಅವಳೆದುರಿನ ಇಳಿಜಾರು ಮೇಜಿನ ಮೇಲೆ ನಾನೂರು ಗಜವಾದರೂ ಹರಿದುಹೋಗಿತ್ತು. ಹಳದಿಯ ಮೇಲೆ ಕಡುನೀಲಿ ಹಕ್ಕಿಗಳು ಎಂದು ಪಕ್ಕದ ಮೇಜಿನ ಹೆಂಗಸು ಚೀಟಿ ಓದಿ ಹೇಳಿದ್ದಳು, ಆದ್ದರಿಂದ ಹಕ್ಕಿಗಳೇ ಇರಬೇಕು. ಅಕ್ಪೆನೆಯ ಕಣ್ಣಿಗೆ ಗಂಜಿನೀರಿನ ತಳದಲ್ಲಿ ಏನೋ ಕಪ್ಪಗೆ ಸುಳಿದಾಡಿದ ಹಾಗಿತ್ತು, ಅಷ್ಟೆ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವವಳ ಹಾಗೆ ಎಡಗೈಯನ್ನು ಓಡುವ ಬಟ್ಟೆಯ ಮೇಲೆ ಹಗುರವಾಗಿ ಇಟ್ಟುಕೊಂಡಿದ್ದಳು. ದೋಷ ಸಿಕ್ಕರೆ ಬಟ್ಟೆ ನಿಲ್ಲಿಸಲು ಬಲಗಾಲು ಪೆಡಲಿನ ಮೇಲಿತ್ತು. ನೂಲಿನ ಗಂಟು ಬಂದರೆ ಅಂಗೈಗೆ ಗೊತ್ತಾಗುತ್ತಿತ್ತು. ಹರಿದ ಎಳೆ ಬಂದರೆ ಬೆರಳ ತುದಿಗೆ ಸಣ್ಣದೊಂದು ನಡುಕ ತಗಲುತ್ತಿತ್ತು. ಆದರೆ ಬಟ್ಟೆ ಅಂಗೈಗಿಂತ ಅಗಲ. ಕೈ ಈ ಅಂಚಿನಲ್ಲಿರುವಾಗ ಆ ಅಂಚಿನಲ್ಲಿ ಏನೇನು ದಾಟಿಹೋಗುತ್ತಿತ್ತೋ ಅದು ಅವಳಿಗೆ ತಿಳಿಯದು. ತುಂಡು ಮುಗಿದ ಕೂಡಲೇ, ನೋಡಿ ಒಪ್ಪಿದ ಗುರುತಿಗೆ, ಹನ್ನೊಂದನೇ ನಂಬರಿನ ತನ್ನ ಮೊಹರನ್ನು ಅಂಚಿಗೆ ಒತ್ತುತ್ತಿದ್ದಳು. ಒತ್ತಿದಾಗಲೆಲ್ಲ ಸುಳ್ಳುಸಾಕ್ಷಿ ಹೇಳಿ ಕಟಕಟೆಯಿಂದ ಇಳಿದವಳಂತೆ ಮೊಹರನ್ನು ಬೇಗನೆ ಪಕ್ಕಕ್ಕೆ ಸರಿಸಿಬಿಡುತ್ತಿದ್ದಳು.

ಮೂರು ವರ್ಷದಿಂದ ಹೀಗೇ ನಡೆದಿತ್ತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ದೀಪ ಹೆಚ್ಚಿದಷ್ಟೂ ಬಿಳುಪು ಹೆಚ್ಚುತ್ತಿತ್ತು, ಮಧ್ಯಾಹ್ನದ ಹೊತ್ತು ಇಡೀ ಹಜಾರವೇ ಒಂದು ದೊಡ್ಡ ಹಾಲಿನ ಪಾತ್ರೆಯಾಗಿಬಿಡುತ್ತಿತ್ತು. ಪಡುವಣ ಬಾಗಿಲ ಪಕ್ಕದ ಹನ್ನೊಂದನೇ ಮೇಜನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಟೆಮಾ ಬಂದರಿನ ಸಮುದ್ರದ ಗಾಳಿ ನೇರ ಅಲ್ಲಿಗೇ ಬೀಸುತ್ತದೆ, ಮುದುಕಿಗೆ ಗಾಳಿಯ ಆಸೆ ಎಂದು ಉಳಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಿಜಕ್ಕೂ ಅವಳು ಕಾಯುತ್ತಿದ್ದುದು ನಾಲ್ಕು ಗಂಟೆಗೆ. ನಾಲ್ಕಾದ ಮೇಲೆ ಸೂರ್ಯ ಹಜಾರದ ಮಾಡಿನ ಅಂಚಿಗಿಂತ ಕೆಳಗಿಳಿದು, ಬಾಗಿಲೊಳಗೆ ಬಗ್ಗಿ ಬಂದು, ಮೇಜಿನ ಮೇಲೆ ಚಾಪೆ ಹಾಸಿದಂತೆ ಮಲಗುತ್ತಿದ್ದ. ಆಗ ಒಂದೂವರೆ ಗಂಟೆ ಕಾಲ ಬಟ್ಟೆ ಅವಳಿಗೆ ತನ್ನ ಮೈ ತೋರಿಸುತ್ತಿತ್ತು. ಬೆಳಗಿನಿಂದ ಅನುಮಾನ ಬಂದ ತುಂಡುಗಳನ್ನೆಲ್ಲ ಮೇಜಿನಡಿ ಒತ್ತಿಟ್ಟುಕೊಂಡು ಆ ಹೊತ್ತಿನಲ್ಲಿ ಮತ್ತೊಮ್ಮೆ ಬಿಚ್ಚಿ ನೋಡುತ್ತಿದ್ದಳು. ಅನುಮಾನವೇ ಬಾರದ ತುಂಡುಗಳ ಗತಿ ದೇವರಿಗೇ ಗೊತ್ತು.

“ಆಂಟಿ ಅಕ್ಪೆನೆ, ಅಳಿಯ ಎದ್ದ ನೋಡಿ,” ಎಂದಳು ಪಕ್ಕದ ಮೇಜಿನವಳು.

ಅಳಿಯ ಎಂದರೆ ಹಜಾರದ ಆ ತುದಿಯಲ್ಲಿ ನಿಂತಿದ್ದ ಯಂತ್ರ. ಕಬ್ಬಿಣದ ಚೌಕಟ್ಟು, ಅದರ ನೆತ್ತಿಯಲ್ಲಿ ಕೆಳಗೆ ನೋಡುತ್ತ ಕೂತ ಕ್ಯಾಮೆರಾ, ಅದರ ಪಕ್ಕದಲ್ಲಿ ಕಣ್ಣು ಕುಕ್ಕುವ ದೀಪದ ಪಟ್ಟಿ, ಬದಿಗೊಂದು ಪರದೆ. ಬಂದ ದಿನದಿಂದ ಅದು ಬೇಕು ಇದು ಬೇಕು ಎಂದು ಹಟ ಹಿಡಿಯುತ್ತಿದ್ದುದರಿಂದ ಹೆಂಗಸರು ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದರು. ಅದನ್ನು ಜೋಡಿಸಿ ನಡೆಸಲು ಕುಮಾಸಿ ಪಟ್ಟಣದಿಂದ ಬಂದಿದ್ದ ಇಂಜಿನಿಯರ್ ಹುಡುಗಿ ಸೆರ್ವಾ ಮೂರು ವಾರದಿಂದ ಅದರ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ ಇದ್ದಳು. ಇವತ್ತು ಪರೀಕ್ಷೆ. ಪೇಟೆಯ ಬಟ್ಟೆ ವ್ಯಾಪಾರದ ಹೆಂಗಸರು ಹಿಂದಕ್ಕೆ ಕಳಿಸಿದ್ದ ಹನ್ನೆರಡು ತುಂಡುಗಳನ್ನು ಮ್ಯಾನೇಜರ್ ಕ್ವಾಯೆ ತರಿಸಿದ್ದರು. ಅವುಗಳಲ್ಲಿ ಎಲ್ಲೆಲ್ಲಿ ದೋಷವಿದೆ ಎಂದು ಆ ವ್ಯಾಪಾರಿಗಳೇ ಗುರುತಿಸಿ ಬರೆದುಕೊಟ್ಟಿದ್ದರು, ಒಟ್ಟು ಇಪ್ಪತ್ತು. ಮೊಹರಿದ್ದ ಅಂಚನ್ನು ಯಾರಿಗೂ ಮುಜುಗರವಾಗದಿರಲೆಂದು ಕತ್ತರಿಸಿ ತೆಗೆದಿದ್ದರು. ಕತ್ತರಿಸಿದ ಅಂಚುಗಳಲ್ಲಿ ಎಷ್ಟು ತನ್ನವೋ ಎಂದು ಅಕ್ಪೆನೆ ಬೆಳಗಿನಿಂದ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಮೊದಲು ಯಂತ್ರ ನೋಡಬೇಕು, ಆಮೇಲೆ ಒಬ್ಬ ಮನುಷ್ಯ. ಮನುಷ್ಯ ಯಾರೆಂದು ಕ್ವಾಯೆ ಇನ್ನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇಪ್ಪತ್ತಾರು ವರ್ಷ ಮೊಹರು ಒತ್ತಿದವಳು ಆ ಹಜಾರದಲ್ಲಿ ಒಬ್ಬಳೇ.

ಮೊದಲ ತುಂಡು ಕ್ಯಾಮೆರಾದ ಕೆಳಗೆ ಒಂದು ಮೊಳ ಸರಿಯುವಷ್ಟರಲ್ಲಿ ಯಂತ್ರ ಗಂಟೆ ಬಾರಿಸಿ ನಿಂತಿತು. ಸೆರ್ವಾ ಪರದೆ ನೋಡಿ, ಬಟ್ಟೆ ನೋಡಿ, ಗುಂಡಿ ಒತ್ತಿದಳು. ಮತ್ತೆ ಅರ್ಧ ಮೊಳ, ಮತ್ತೆ ಗಂಟೆ. ಪರದೆಯ ತುಂಬ ಕೆಂಪು ಚೌಕಗಳು ಸಿಡುಬಿನಂತೆ ಎದ್ದಿದ್ದವು. ಅವರ ಬಟ್ಟೆಯ ಜೀವವೇ ಮೈತುಂಬ ಹರಡಿದ ಸಣ್ಣ ನೀಲಿ ಗೆರೆಗಳಲ್ಲಿ, ಅವರು ನರ ಎನ್ನುತ್ತಿದ್ದ ಗೆರೆಗಳಲ್ಲಿತ್ತು. ಬಟ್ಟೆಗೆ ಮೇಣ ಹಚ್ಚಿ, ಹಗ್ಗದಂತೆ ಹೊಸೆದು ಮೇಣವನ್ನು ಬೇಕೆಂದೇ ಬಿರುಕು ಬಿಡಿಸಿ, ನೀಲಿಯಲ್ಲಿ ಅದ್ದಿದಾಗ ಬಣ್ಣ ಆ ಬಿರುಕುಗಳಲ್ಲಿ ಇಳಿಯುತ್ತದೆ. ಒಂದು ಗಜದಲ್ಲಿ ಇಳಿದಂತೆ ಇನ್ನೊಂದು ಗಜದಲ್ಲಿ ಇಳಿಯುವುದಿಲ್ಲ. ಪೇಟೆಯಲ್ಲಿ ಹೆಂಗಸರು ಬಟ್ಟೆಯನ್ನು ಬಿಸಿಲಿಗೆ ಹಿಡಿದು ಮೊದಲು ಹುಡುಕುವುದೇ ಆ ನರಗಳನ್ನು. ಇಲ್ಲದಿದ್ದರೆ, ಇದು ಕಾಗದದ ಬಟ್ಟೆ ಎಂದು ಮೂಗು ಮುರಿದು ಮಡಚಿಡುತ್ತಾರೆ. ಯಂತ್ರಕ್ಕೆ ಅವೆಲ್ಲ ಗಾಯಗಳಾಗಿ ಕಂಡಿದ್ದವು.

“ಅಳಿಯಂಗೆ ನಮ್ಮನೆ ಊಟ ಸೇರ್ತಿಲ್ಲ!” ಎಂದು ಯಾರೋ ಕೂಗಿದರು.

“ಹಲ್ಲಿಗೆ ಕಲ್ಲು ಸಿಗ್ತಿರ್ಬೇಕು, ತುತ್ತುತುತ್ತಿಗೂ ಉಗೀತಾನೆ!”

ಹಜಾರವೆಲ್ಲ ನಕ್ಕಿತು. ಅಕ್ಪೆನೆಯೂ ನಕ್ಕಳು, ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಿರುವಾಗಲೇ ತನ್ನ ನಗುವಿನಲ್ಲಿದ್ದ ಕೇಡು ತನಗೇ ಕೇಳಿಸಿ ತಟ್ಟನೆ ಬಾಯಿ ಮುಚ್ಚಿಕೊಂಡಳು. ಸೆರ್ವಾಳ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಆದರೆ ಆ ಹುಡುಗಿ ಗುಂಡಿ ಒತ್ತಿ ಒತ್ತಿ, ಕೊನೆಗೆ ಒತ್ತುವುದನ್ನು ಬಿಟ್ಟು ಸುಮ್ಮನೆ ನಿಂತ ರೀತಿ ಕಂಡಿತು. ಕ್ವಾಯೆ ಲೆಕ್ಕ ಓದಿದರು. ಇಪ್ಪತ್ತು ದೋಷಗಳಲ್ಲಿ ಹತ್ತೊಂಬತ್ತನ್ನು ಯಂತ್ರ ಹಿಡಿದಿತ್ತು. ಅವುಗಳ ಜೊತೆಗೆ ದೋಷವೇ ಅಲ್ಲದ ಆರು ನೂರ ಹದಿನಾಲ್ಕನ್ನೂ ಹಿಡಿದಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಅವಳ ಸರದಿ ಬಂತು. ನಡುಹಜಾರದ ಮೇಜು, ನೆತ್ತಿಯ ಮೇಲೆ ನಾಲ್ಕು ದೀಪ. ನಾಲ್ಕು ಗಂಟೆಗೆ ನೋಡುತ್ತೇನೆ ಎನ್ನಬಹುದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಬಟ್ಟೆ ಓಡತೊಡಗಿತು. ಬಿಳಿ, ಬಿಳಿ, ಬಿಳಿಯೊಳಗೆ ಒಂದಿಷ್ಟು ನೀಲಿ. ಅಂಗೈ ಬೆವತಿತ್ತು, ಬೆವರಿಗೆ ಬಟ್ಟೆ ಅಂಟಿಕೊಂಡು ಎಲ್ಲವೂ ಗಂಟಿನಂತೆಯೇ ತೋರುತ್ತಿತ್ತು. ಇಪ್ಪತ್ತು ಹೆಂಗಸರು ತನ್ನ ಬೆನ್ನನ್ನು ನೋಡುತ್ತಿದ್ದಾರೆ, ತನ್ನನ್ನು ನಂಬಿ ನೋಡುತ್ತಿದ್ದಾರೆ ಎಂಬುದು ಕುತ್ತಿಗೆಯ ಮೇಲೆ ಬಿಸಿನೀರಿನ ಬಟ್ಟೆಯಂತೆ ಕೂತಿತ್ತು. ಹದಿನೇಳರ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಕೆಟಾ ಊರಿನ ಕಡಲ ಮರಳಿನ ಮೇಲೆ ಬಲೆ ಹರವಿ ಹರಿದ ಕಣ್ಣಿಗಳನ್ನು ಹುಡುಕುತ್ತಿದ್ದಳು. ಇವಳ ಕಣ್ಣು ತಪ್ಪಿಸಿ ಒಂದು ಮೀನೂ ಹೋಗಲ್ಲ ಎನ್ನುತ್ತಿದ್ದಳು ತಾಯಿ. ಪೆಡಲ್ ಒತ್ತಿದಳು. ಗಂಟು. ಮತ್ತೆ ಒತ್ತಿದಳು. ತೂತು. ಎಲ್ಲೋ ಒಂದು ಕಡೆ ಏನೂ ಇಲ್ಲದಿದ್ದರೂ, ಬಹಳ ಹೊತ್ತು ಸುಮ್ಮನಿದ್ದೆನಲ್ಲ ಎಂಬ ಭಯಕ್ಕೆ ಒತ್ತಿದಳು. ಮುಗಿದಾಗ ಎರಡೂಮುಕ್ಕಾಲು.

“ಇಪ್ಪತ್ತರಲ್ಲಿ ಒಂಬತ್ತಾ?” ಎಂದರು ಕ್ವಾಯೆ. ಮೆಲ್ಲನೆ ಅಂದರು. ಕೂಗಿದ್ದರೆ ಎಷ್ಟೋ ವಾಸಿಯಿತ್ತು. “ಆಂಟಿ, ಬಿಸಿಲಿಗೇನಾದ್ರೂ ತಲೆ ತಿರುಗ್ತಾ?”

ಅವರು ಚಾಚಿದ ಆ ನೆಪವನ್ನು ಅವಳು ಹಿಡಿದುಕೊಂಡುಬಿಟ್ಟಳು. “ಹೂಂ ಸಾರ್. ಬೆಳಿಗ್ಗೆಯಿಂದ್ಲೂ ಸ್ವಲ್ಪ ತಲೆ ಸುತ್ತು.”

“ಹೋಗಿ ಕೂತ್ಕೊಳ್ಳಿ. ನೀರು ಕುಡೀರಿ.” ಕ್ವಾಯೆ ಆ ಕಡೆ ತಿರುಗಿ ಸೆರ್ವಾಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. “ಶುಕ್ರವಾರದವರೆಗೆ ನೋಡ್ತೀನಿ, ಮೇಡಂ. ಆಮೇಲೆ ಇದನ್ನ ಬಿಚ್ಚಿ ಪೆಟ್ಟಿಗೆಗೆ ತುಂಬಿಕೊಂಡು ಹೋಗಿ.”

ಹೆಂಗಸರು ಒಬ್ಬೊಬ್ಬರೇ ತಮ್ಮ ಮೇಜಿಗೆ ಹೊರಟರು. ಹೋಗುವಾಗ ಇಬ್ಬರು ಅವಳ ತೋಳು ಮುಟ್ಟಿ ಹೋದರು, ಸಾವಿನ ಮನೆಯಲ್ಲಿ ಮುಟ್ಟುವ ಹಾಗೆ.

ಹಿಂಬದಿಯ ನಲ್ಲಿಯ ಹತ್ತಿರ ಅವಳು ಮುಖ ತೊಳೆದಳು. ತೊಳೆದಷ್ಟೂ ಬಿಳುಪು ಹೋಗಲಿಲ್ಲ. ಎರಡು ವರ್ಷದ ಹಿಂದೆ ಒಂದು ತುಂಡು ವಾಪಸು ಬಂದಿತ್ತು. ಮನೆತನದವರೆಲ್ಲ ಒಂದೇ ಬಟ್ಟೆ ಉಟ್ಟು ಹಿರಿಯರೊಬ್ಬರನ್ನು ಮಣ್ಣು ಮಾಡಬೇಕಾಗಿದ್ದ ಮನೆಗೆ ಹೋದ ಬಟ್ಟೆ. ಹೊಲಿದು ಉಟ್ಟ ಮೇಲೆ ಆ ಮನೆಯ ಮಗಳ ಬೆನ್ನಮೇಲೆ ಉದ್ದಕ್ಕೆ ಎಳೆ ಬಿಟ್ಟುಕೊಂಡು ಸೀಳಿತಂತೆ. ಅಂಚಿನ ಮೊಹರು ಕಲಸಿಹೋಗಿತ್ತು, ಹನ್ನೊಂದನ್ನು ಹದಿನೇಳು ಎಂದು ಓದಿದರು. ಹದಿನೇಳು ಕೋರ್ಕೋಳ ನಂಬರು. ಕೋರ್ಕೋಳನ್ನು ಮೇಜಿನಿಂದ ಎಬ್ಬಿಸಿ ಮಡಚುವ ಕೋಣೆಗೆ ಕಳಿಸಿದರು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಟ್ರೋಟ್ರೋ ವ್ಯಾನಿನಲ್ಲಿ ಒತ್ತಿಕೊಂಡು ಬರುವವರು. ಆ ದಿನ ಸಂಜೆ ಗಾಡಿಯಲ್ಲಿ ಕೋರ್ಕೋ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಕ್ಪೆನೆಯ ಬಾಯಿಗೆ ಮಾತು ಬಂದಿತ್ತು. ಬಂದು, ನಾಲಿಗೆಯ ಮೇಲೆ ಒಂದಿಷ್ಟು ಹೊತ್ತು ಕೂತು, ಮತ್ತೆ ಒಳಗೆ ಹೋಗಿತ್ತು. ಈಗ ನಲ್ಲಿಯ ನೀರು ಕೈಮೇಲೆ ಸುರಿಯುತ್ತಿದ್ದಾಗ ಅವಳಿಗೆ ಒಂದು ವಿಚಿತ್ರ ಯೋಚನೆ ಬಂತು. ತಪ್ಪಿನಲ್ಲಿ ಎರಡು ಬಗೆ. ಒಳ್ಳೆಯದನ್ನು ಕೆಟ್ಟದ್ದೆನ್ನುವುದು ಒಂದು, ಕೆಟ್ಟದ್ದನ್ನು ಒಳ್ಳೆಯದೆನ್ನುವುದು ಇನ್ನೊಂದು. ಆ ಯಂತ್ರ ಮೊದಲಿನದನ್ನು ಎಲ್ಲರ ಮುಂದೆ ಗಂಟೆ ಬಾರಿಸಿ ಬಾರಿಸಿ ಮಾಡಿತ್ತು. ತಾನು ಎರಡನೆಯದನ್ನು ಮೂರು ವರ್ಷದಿಂದ ಸದ್ದಿಲ್ಲದೆ ಮಾಡುತ್ತಿದ್ದಳು.

ಹಿಂದೆ ಮರದ ಪೆಟ್ಟಿಗೆಯ ಮೇಲೆ ಯಾರೋ ಕೂತಿದ್ದರು. “ಆಂಟಿ, ಕೆಂಕಿ ತಿಂತೀರಾ? ನನ್ನ ಕೈಲಿ ಆಗ್ತಿಲ್ಲ.” ಸೆರ್ವಾ. ಮಡಿಲಲ್ಲಿ ಜೋಳದೆಲೆ ಬಿಚ್ಚಿದ ಕೆಂಕಿ ಮುದ್ದೆ, ಕರಿದ ಮೀನು, ಕಾರದ ಚಟ್ನಿ ಎಲ್ಲ ಮುಟ್ಟದೆ ಇದ್ದವು.

ಅಕ್ಪೆನೆ ಪಕ್ಕದಲ್ಲಿ ಕೂತು ಒಂದು ಚೂರು ಮುರಿದುಕೊಂಡಳು. ಇಬ್ಬರೂ ಸೋತವರು, ಮಾತಿಗೆ ಮೊದಲೇ ಒಂದು ಸಲಿಗೆ ಹುಟ್ಟಿತ್ತು.

“ಅಲ್ಲ ಮೇಡಂ, ಅಷ್ಟು ದೊಡ್ಡ ಕಣ್ಣಿಟ್ಟುಕೊಂಡು ಅದಕ್ಕೆ ಬಣ್ಣದ ಗೆರೆ ಯಾವ್ದು, ಹರಿದಿದ್ದು ಯಾವ್ದು ಗೊತ್ತಾಗಲ್ವಾ?”

“ಅದು ಬಟ್ಟೇನ ನೋಡೋದೇ ಇಲ್ಲ, ಆಂಟಿ. ಬಟ್ಟೆ ಮೇಲೆ ಬಿದ್ದು ವಾಪಸ್ ಬಂದ ಬೆಳಕನ್ನ ನೋಡುತ್ತೆ, ಅಷ್ಟೆ. ಎಲ್ಲಿ ಕಮ್ಮಿ ಬಂತೋ ಅಲ್ಲಿ ಕಪ್ಪು. ನಿಮ್ಮ ನೀಲಿ ನರಾನೂ ಕಪ್ಪು ಗೆರೆ, ಹರಿದ ಎಳೇನೂ ಕಪ್ಪು ಗೆರೆ. ಎರಡಕ್ಕೂ ವ್ಯತ್ಯಾಸ ಹೇಗೆ ಹೇಳ್ಲಿ? ಇದು ದೋಷ, ಇದು ದೋಷ ಅಲ್ಲ ಅಂತ ಸಾವಿರ ಚಿತ್ರ ತೋರಿಸಿ ಕಲಿಸ್ದೆ. ಇನ್ನೂ ದೀಪ ಹೆಚ್ಚು ಮಾಡ್ಬೇಕು ಅಂತ ಕಾಣುತ್ತೆ. ನೆತ್ತಿ ಮೇಲೆ ಇನ್ನೆರಡು ಪಟ್ಟಿ ಹಾಕ್ತೀನಿ.”

ಹೆಚ್ಚು ಮಾಡಿದರೆ ಇನ್ನೂ ಕುರುಡಾಗುತ್ತದೆ ಎಂದು ಅಕ್ಪೆನೆಗೆ ಗೊತ್ತಿತ್ತು. ನೆತ್ತಿಯ ಬೆಳಕಿನ ಕೆಳಗೆ ನರವೂ ಗಾಯವೂ ಒಂದೇ ಎನ್ನುವುದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಕೈಲಿದ್ದ ಚೂರು ಕೆಂಕಿಯನ್ನು ಎಲೆಗೇ ವಾಪಸಿಟ್ಟಳು. ಹೇಳಬಹುದು. ಹೇಳಿದರೆ ನಿಮಗೆ ಹೇಗೆ ಗೊತ್ತು ಎನ್ನುತ್ತಾಳೆ. ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಸುಮ್ಮನಿದ್ದರೆ ಶುಕ್ರವಾರ ಯಂತ್ರ ಪೆಟ್ಟಿಗೆ ಸೇರುತ್ತದೆ, ಈ ಹುಡುಗಿ ತಲೆ ತಗ್ಗಿಸಿಕೊಂಡು ಕುಮಾಸಿಯ ಬಸ್ಸು ಹತ್ತುತ್ತಾಳೆ, ತಾನು ಹನ್ನೊಂದನೇ ಮೇಜಿಗೆ ವಾಪಸು ಹೋಗಿ ಮೊಹರು ಒತ್ತುತ್ತಾಳೆ. ಬೇರೆ ಯಾರದೋ ಮಗಳ ಬೆನ್ನ ಮೇಲೆ ಬೇರೆ ಯಾವುದೋ ಬಟ್ಟೆ ಸೀಳುತ್ತದೆ. ಗೋದಾಮಿನ ಮಾಡಿನ ನೆರಳು ಅವರ ಕಾಲಿನ ಹತ್ತಿರ ಬಂದಿತ್ತು. ಗಡಿಯಾರ ನೋಡದೆಯೂ ಅವಳಿಗೆ ಹೊತ್ತು ತಿಳಿಯಿತು.

“ಏಳು ಮಗಳೇ,” ಎಂದಳು. ಮೇಡಂ ಎನ್ನುವುದು ಎಲ್ಲಿ ಬಿದ್ದುಹೋಯಿತೋ. “ಆ ಹನ್ನೆರಡರಲ್ಲಿ ನಿಂಗೆ ಅತಿ ಹೆಚ್ಚು ಕಾಟ ಕೊಟ್ಟ ತುಂಡು ಯಾವ್ದೋ ಅದನ್ನ ತಗೊಂಡು ನನ್ನ ಮೇಜಿಗೆ ಬಾ.”

ಬಾಗಿಲಿನಿಂದ ಬೆಳಕು ಮೇಜಿನ ಮೇಲೆ ಆಗಲೇ ಮಲಗಿತ್ತು. ಸೆರ್ವಾ ತುಂಡು ಬಿಚ್ಚಿದಳು. ಅಕ್ಪೆನೆ ಹಲಗೆಯನ್ನು ತುಸು ವಾಲಿಸಿ, ಬಟ್ಟೆಯನ್ನು ಬಿಗಿಯಾಗಿ ಎಳೆದು, ಹುಡುಗಿಯ ಹೆಗಲು ಹಿಡಿದು ಬಗ್ಗಿಸಿ ನೆತ್ತಿಯ ದೀಪಕ್ಕೆ ಅವಳ ಬೆನ್ನನ್ನು ಅಡ್ಡ ಮಾಡಿದಳು. “ಮೇಲಿಂದ ನೋಡ್ಬೇಡ. ಬೆಳಕು ಬಟ್ಟೆ ಮೇಲೆ ಹೇಗೆ ಓಡ್ತಿದೆ ಅಂತ ನೋಡು.”

ಆಮೇಲೆ ಸೆರ್ವಾ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು. ಆ ಅಡ್ಡಬೆಳಕಿನಲ್ಲಿ ನೀಲಿ ನರಗಳೆಲ್ಲ ಮಂಕಾಗಿದ್ದವು. ಅವು ಬರೀ ಬಣ್ಣ, ಬಟ್ಟೆಯ ಮೈಗೆ ಸಮನಾಗಿ ಮಲಗಿದ್ದವು, ನೆರಳು ಬೀಳಲು ಅವುಗಳಿಗೆ ಎತ್ತರವೂ ಇರಲಿಲ್ಲ, ಆಳವೂ ಇರಲಿಲ್ಲ. ನಡುವೆ ಒಂದು ಹಾಸಿನ ಎಳೆ ಹರಿದುಹೋಗಿದ್ದ ಜಾಗ ಮಾತ್ರ, ಹೊಸದಾಗಿ ಉತ್ತ ಹೊಲದಲ್ಲಿನ ಒಂದೇ ಒಂದು ಸಾಲಿನ ಹಾಗೆ, ನೆರಳು ತುಂಬಿಕೊಂಡು ಎದ್ದು ಕಾಣುತ್ತಿತ್ತು. ಆಚೆಗೆ ಒಂದು ಗಂಟು ತನ್ನ ಹಿಂದೆ ಉದ್ದನೆಯ ನೆರಳಿನ ಬಾಲ ಬಿಟ್ಟುಕೊಂಡಿತ್ತು.

“ನಂಗೆ ಕಣ್ಣು ಕಾಣಲ್ಲ, ಮಗಳೇ,” ಎಂದಳು ಅಕ್ಪೆನೆ. “ಮೂರು ವರ್ಷ ಆಯ್ತು. ಪೊರೆ ಬಂದಿದೆ. ಈ ಹೊತ್ತಲ್ಲಿ, ಈ ಬೆಳಕಲ್ಲಿ ಮಾತ್ರ ಕಾಣೋದು. ಅದಕ್ಕೇ ಗೊತ್ತು.”

ಮೂರು ವರ್ಷ ಹೊತ್ತ ಮಾತು ಕೊನೆಗೂ ಹೊರಬಂದಿತ್ತು. ಅವಳು ಕಾದಳು. ಸೆರ್ವಾ ಬಟ್ಟೆಯ ಮೇಲಿನಿಂದ ಮುಖ ಎತ್ತಲೇ ಇಲ್ಲ.

“ದೀಪಾನ ಕೆಳಗಿಳಿಸ್ಬೇಕು! ಬಟ್ಟೆ ಮಟ್ಟಕ್ಕೆ! ಅಯ್ಯೋ ದೇವ್ರೇ, ಇದನ್ನ ಓದಿದ್ದೆ ಆಂಟಿ, ಕಬ್ಬಿಣದ ತಗಡಿನ ಗೀರು ಹುಡುಕೋಕೆ ಅಡ್ಡಬೆಳಕು ಅಂತ ಕಾಲೇಜಲ್ಲೇ ಓದಿದ್ದೆ. ಬಟ್ಟೆಗೂ ಮೈ ಇರುತ್ತೆ ಅಂತ ಹೊಳೀಲೇ ಇಲ್ಲ ನೋಡಿ! ಅಲ್ಲ, ನೀವು ಈಗ ಏನಂದ್ರಿ?”

“ಕಣ್ಣು ಕಾಣಲ್ಲ ಅಂದೆ.”

ಹುಡುಗಿ ಆಗ ತಿರುಗಿದಳು. ಹತ್ತಿರ ಬಂದು ಅಕ್ಪೆನೆಯ ಗಲ್ಲ ಹಿಡಿದು, ಮುಖವನ್ನು ಬಾಗಿಲ ಕಡೆ ತಿರುಗಿಸಿ, ಒಂದು ಕಣ್ಣು, ಇನ್ನೊಂದು ಕಣ್ಣು ನೋಡಿದಳು. ಯಂತ್ರದ ಮಸೂರ ನೋಡುವಾಗ ಅವಳ ಕೈಗೆ ಬರುತ್ತಿದ್ದ ಜೋಪಾನವೇ ಈಗಲೂ ಇತ್ತು. “ಮಸೂರ ಮಂಜಾಗಿದೆ, ಅಷ್ಟೆ. ಒಳಗಿನ ಯಂತ್ರ ಎಲ್ಲಾ ಚೆನ್ನಾಗೇ ಇದೆ ಅಂತ ಕಾಣುತ್ತೆ,” ಎಂದಳು. ಅಕ್ಪೆನೆಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆಯಲು ಅವಳು ಬಟ್ಟೆಯನ್ನು ಸುರುಳಿ ಸುತ್ತತೊಡಗಿದಳು.

ಮರುದಿನ ದೀಪದ ಪಟ್ಟಿಯನ್ನು ನೆತ್ತಿಯಿಂದ ಇಳಿಸಿ, ಬಟ್ಟೆಯ ಅಂಚಿಗೆ ಬೆರಳಗಲ ಎತ್ತರದಲ್ಲಿ ಕೂರಿಸಿದರು. ಆಗ ಹೊಸ ತೊಂದರೆ ಶುರುವಾಯಿತು. ಮಾಡಿನ ಗಾಜಿನಿಂದ ಬೀಳುವ ಹಗಲಬೆಳಕು ಆ ಸಣ್ಣ ನೆರಳುಗಳನ್ನೆಲ್ಲ ಅಳಿಸಿಹಾಕುತ್ತಿತ್ತು. ಮುಸುಕು ಬೇಕು, ಕಪ್ಪು ಬಟ್ಟೆಯ ಮುಸುಕು, ಎಂದಳು ಸೆರ್ವಾ. ಸಾವಿನ ಮನೆಗೆ ಉಡುವ ಗಟ್ಟಿ ಕಪ್ಪುಬಟ್ಟೆ ಆ ಕಾರ್ಖಾನೆಯಲ್ಲಿ ಬೇಕಾದಷ್ಟಿತ್ತು. ಹೊಲಿಯಲು ಒಳ್ಳೆಯ ಕೈ ಬೇಕಿತ್ತು. ಒಳ್ಳೆಯ ಕೈ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು, ಮಡಚುವ ಕೋಣೆಯಿಂದ ಕೋರ್ಕೋಳನ್ನು ಕರೆಸಿದರು. ಅವಳು ಸೂಜಿ ಬಾಯಲ್ಲಿ ಕಚ್ಚಿಕೊಂಡು ಬಂದು ಯಂತ್ರದ ಸುತ್ತ ಒಂದು ಸುತ್ತು ಹಾಕಿ, “ಅಳಿಯ ವಿಧುರ ಆದ್ನಾ? ಕಪ್ಪು ಹೊದಿಸ್ತಿದೀರಿ?” ಎಂದಳು.

ಇಬ್ಬರೂ ನೆಲದ ಮೇಲೆ ಕೂತು ಆ ತುದಿಯಿಂದ ಅವಳು, ಈ ತುದಿಯಿಂದ ಇವಳು ಹೊಲಿಯುತ್ತ ಬಂದರು. ಅಕ್ಪೆನೆ ಬೆರಳಿನಿಂದಲೇ ಹೊಲಿಗೆ ಹಾಕುತ್ತಿದ್ದಳು. ಮಧ್ಯೆ ಒಂದು ಮೊಳ ಉಳಿದಾಗ ಅವಳ ಸೂಜಿ ನಿಂತಿತು.

“ಕೋರ್ಕೋ. ಆ ಹರಿದ ತುಂಡು. ಅದರ ಮೇಲಿದ್ದ ನಂಬರು ಹದಿನೇಳಲ್ಲ ಕಣೇ.”

ಕೋರ್ಕೋ ದಾರ ಎಳೆದು ಹಲ್ಲಿನಿಂದ ಕತ್ತರಿಸಿದಳು. “ನನ್ನ ಮೊಹರು ನಂಗೆ ಗೊತ್ತಿಲ್ವೇನೇ? ನನ್ನ ಏಳರ ಮೂತಿ ಮುರಿದು ಹತ್ತು ವರ್ಷ ಆಯ್ತು, ಅದರ ಮೇಲಿದ್ದ ಏಳಿಗೆ ಮೂತಿ ಇತ್ತು.”

“ಗೊತ್ತಿತ್ತಾ?”

“ಮೊದಲನೇ ದಿನಾನೇ. ಗಾಡೀಲಿ ಹೇಳ್ತೀಯೇನೋ ಅಂತ ಕಾದೆ. ನಮ್ಮ ಸ್ಟಾಪು ಬರೋವರೆಗೂ ಕಾದೆ. ನೀನು ಬಾಯಿಬಿಡ್ಲಿಲ್ಲ. ಆಮೇಲೆ ಒಂದಿನ ನೀನು ಉಪ್ಪಿನ ಡಬ್ಬ ಅಂತ ಸಕ್ಕರೆ ಡಬ್ಬಕ್ಕೆ ಕೈಹಾಕಿದ್ದು ನೋಡ್ದೆ. ಓಹೋ, ಇದಾ ಸಮಾಚಾರ ಅಂದ್ಕೊಂಡೆ.”

“ಮತ್ತೆ ನೀನ್ಯಾಕೇ ಹೇಳ್ಲಿಲ್ಲ?”

“ಸಿಟ್ಟಿತ್ತು. ಈಗ್ಲೂ ಇದೆ, ಹೋಗಿದೆ ಅಂದ್ಕೋಬೇಡ. ಆದ್ರೆ ನಿನ್ನ ಹೊಟ್ಟೆ ಮೇಲೆ ನಾನು ಹೊಡೀಲಾ?” ಕೋರ್ಕೋ ಸೂಜಿಗೆ ಹೊಸ ದಾರ ಪೋಣಿಸಿ ಅದನ್ನು ಅಕ್ಪೆನೆಯ ಕೈಗಿಟ್ಟಳು, ಅವಳ ಬರಿಸೂಜಿಯನ್ನು ಇಸಿದುಕೊಂಡಳು. “ಮತ್ತೆ ಮಡಚೋ ಕೋಣೇಲಿ ಫ್ಯಾನಿದೆ. ಹೊಲಿ, ಹೊಲಿ. ಮೂಗಿನ ನೀರು ಬಟ್ಟೆ ಮೇಲೆ ಬಿದ್ರೆ ಅದನ್ನೂ ದೋಷ ಅಂತ ಹಿಡಿಯುತ್ತೆ ನಿನ್ನ ಅಳಿಯ.”

ಶುಕ್ರವಾರ ಹತ್ತು ಗಂಟೆಗೆ ಕ್ವಾಯೆ ಬಂದರು. ಕೈಯಲ್ಲಿ ಅವೇ ಇಪ್ಪತ್ತು ದೋಷಗಳ ಪಟ್ಟಿ. ಹೆಂಗಸರು ಮೇಜುಗಳನ್ನು ನಿಲ್ಲಿಸಿ ಬಂದು ಸುತ್ತ ನಿಂತರು. ಕಪ್ಪು ಮುಸುಕಿನೊಳಗೆ ಬಟ್ಟೆ ಹೋಯಿತು. ಒಂದು ಗಜ, ಎರಡು ಗಜ. ನರಗಳಿಂದ ಕಿಕ್ಕಿರಿದ ಬಟ್ಟೆ ಒಂದು ಚೂರೂ ತಡವರಿಸದೆ ಆ ಕಡೆಯಿಂದ ಹೊರಬರುತ್ತಿತ್ತು. ಅಕ್ಪೆನೆ ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಉರುಳೆಗಳ ಕಂಪನ ಮೊಣಕೈವರೆಗೆ ಹತ್ತುತ್ತಿತ್ತು. ಗಂಟೆ ಬಾರಿಸಿತು. ಕ್ವಾಯೆ ಬಗ್ಗಿದರು. ಹರಿದ ಎಳೆ, ಪಟ್ಟಿಯಲ್ಲಿದ್ದದ್ದೇ. ಮತ್ತೆ ಓಟ. ಮತ್ತೆ ಗಂಟೆ, ಗಂಟು. ಹನ್ನೆರಡು ತುಂಡು ಮುಗಿಯುವಷ್ಟರಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಸಿಕ್ಕಿದ್ದವು. ಸುಳ್ಳು ಗಂಟೆ ಎಷ್ಟಾಯಿತೆಂದು ಸೆರ್ವಾ ಪರದೆ ನೋಡಿ, “ಒಂದು,” ಎಂದಳು.

“ಆರು ನೂರರಿಂದ ಒಂದಕ್ಕೆ!” ಯಾರೋ ಚಪ್ಪಾಳೆ ಹೊಡೆದರು.

“ತಾಳಿ,” ಎಂದರು ಕ್ವಾಯೆ. “ಆ ಒಂದು ಯಾವ್ದು ನೋಡೋಣ.” ಅದು ಒಂಬತ್ತನೆಯ ತುಂಡಿನಲ್ಲಿ, ನರಗಳು ಬಲೆಯಂತೆ ಹೆಣೆದುಕೊಂಡ ಜಾಗದಲ್ಲಿತ್ತು. ಅವರು ಬಟ್ಟೆಯನ್ನು ಕಿಟಕಿಗೆ ಹಿಡಿದರು, ದೀಪಕ್ಕೆ ಹಿಡಿದರು. ಇಬ್ಬರು ಹಿರಿಯ ಹೆಂಗಸರೂ ನೋಡಿದರು. ಏನೂ ಇರಲಿಲ್ಲ. “ವ್ಯಾಪಾರದೋರೂ ಬರೆದಿಲ್ಲ. ಇಲ್ಲದಿದ್ದನ್ನ ಹಿಡಿಯೋ ಚಾಳಿ ಇನ್ನೂ ಹೋಗಿಲ್ಲ ಇದಕ್ಕೆ.”

“ಕೊಡಿ ಸಾರ್,” ಎಂದಳು ಅಕ್ಪೆನೆ.

ಕಣ್ಣು ಮುಚ್ಚಿಕೊಂಡಳು, ತೆರೆದಿಟ್ಟು ಪ್ರಯೋಜನವೂ ಇರಲಿಲ್ಲ. ಹೆಬ್ಬೆರಳಿನಿಂದ ಬಟ್ಟೆಯ ಮೇಲೆ ಅಡ್ಡಡ್ಡ ಹೋದಳು, ಮೆಲ್ಲಗೆ, ಉಸಿರು ಬಿಗಿಹಿಡಿದು. ನಯ, ನಯ, ನಯ. ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಬಂದು, ಮತ್ತೆ ಅಲ್ಲೇ ನಿಂತಿತು. ಕೂದಲಿನಷ್ಟು ಸಣ್ಣ ತಗ್ಗು.

“ಇದೆ. ಹೊಕ್ಕಿನ ಎಳೆ ಅರ್ಧ ತಿಂದುಹೋಗಿದೆ. ಇವತ್ತು ಹಿಡಿದುಕೊಂಡಿರುತ್ತೆ, ನಾಲ್ಕು ಸಲ ಒಗೆದ್ರೆ ಸೀಳುತ್ತೆ. ಭೂತಗನ್ನಡಿ ಹಾಕಿ ನೋಡಿ.”

ಕ್ವಾಯೆ ಭೂತಗನ್ನಡಿ ತರಿಸಿದರು. ಅವಳ ಹೆಬ್ಬೆರಳಿನ ಉಗುರಿನ ತುದಿಗೆ ಅದನ್ನಿಟ್ಟು ಬಹಳ ಹೊತ್ತು ಬಗ್ಗಿದ್ದರು. ನಿಂತಾಗ ಅವರ ದನಿ ಬದಲಾಗಿತ್ತು. “ಇದೆ,” ಎಂದರು. “ಇದೆ! ಪೇಟೆಯವರಿಗೂ ಸಿಕ್ಕಿಲ್ಲ, ನಮಗೂ ಸಿಕ್ಕಿಲ್ಲ.”

ಹಜಾರದಲ್ಲಿ ಎದ್ದ ಕೇಕೆಗೆ ಮಾಡಿನ ಪಾರಿವಾಳಗಳು ಹಾರಿದವು. ಸೆರ್ವಾ ಅಕ್ಪೆನೆಯ ಕುತ್ತಿಗೆಗೆ ಜೋತುಬಿದ್ದಿದ್ದಳು. ಅಕ್ಪೆನೆ ಅವಳ ಕೈ ಬಿಡಿಸಿ ಒಂದು ಹೆಜ್ಜೆ ಮುಂದೆ ಬಂದಳು. ಇನ್ನು ಒಂದು ನಿಮಿಷ ಸುಮ್ಮನಿದ್ದರೆ ಆ ಕೇಕೆ ತನ್ನನ್ನು ಹೊತ್ತುಕೊಂಡು ಹೋಗಿಬಿಡುತ್ತದೆ, ಮಾತು ಮತ್ತೆ ಒಳಗೇ ಉಳಿಯುತ್ತದೆ ಎಂದು ಅವಳಿಗೆ ತಿಳಿದಿತ್ತು.

“ಸಾರ್, ಅವತ್ತು ನಂಗೆ ತಲೆ ತಿರುಗಿರ್ಲಿಲ್ಲ. ಕಣ್ಣಿಗೆ ಪೊರೆ ಬಂದು ಮೂರು ವರ್ಷ ಆಗಿದೆ, ಮುಚ್ಚಿಟ್ಟಿದ್ದೆ. ಕೋರ್ಕೋನ ಮೇಜಿಂದ ಎಬ್ಬಿಸಿದ್ರಲ್ಲ, ಆ ಹರಿದ ಬಟ್ಟೆ ಮೇಲಿದ್ದ ಮೊಹರು ನಂದು. ಅವಳ ಮೇಜು ಅವಳಿಗೆ ವಾಪಸ್ ಕೊಡಿ.”

ಕ್ವಾಯೆ ಭೂತಗನ್ನಡಿಯನ್ನು ಒರೆಸಿದರು, ಮತ್ತೆ ಒರೆಸಿದರು. “ಕಣ್ಣಿಲ್ಲದ ತಪಾಸಣೆಯವರನ್ನ ಇಟ್ಟುಕೊಂಡು ನಾನೇನು ಮಾಡ್ಲಿ, ಆಂಟಿ?”

ಈ ಪ್ರಶ್ನೆಯನ್ನು ಅವಳು ಮೂರು ವರ್ಷದಿಂದ ಪ್ರತಿ ಮೊಹರಿನ ಜೊತೆ ಕೇಳಿಸಿಕೊಂಡಿದ್ದಳು. ಈಗ ಬೇರೆಯವರ ಬಾಯಿಂದ ಬಂದಾಗ ಅದು ಎಷ್ಟು ಸಣ್ಣ ಪ್ರಶ್ನೆ ಎನಿಸಿ ಆಶ್ಚರ್ಯವಾಯಿತು.

“ಪೊರೆ ತೆಗೆಸ್ತೀನಿ ಸಾರ್. ಅದಕ್ಕೆ ರಜ ಕೊಡಿ. ಬಂದ ಮೇಲೆ ಹನ್ನೊಂದನೇ ಮೇಜು ಬೇಡ, ಇಲ್ಲಿ ನಿಲ್ತೀನಿ. ಇದಕ್ಕೆ ಕಣ್ಣಿದೆ. ಯಾವ್ದು ತಪ್ಪು, ಯಾವ್ದು ಚೆಂದ ಅಂತ ಗೊತ್ತಿಲ್ಲ. ಪ್ರತಿ ಹೊಸ ಬಟ್ಟೆಗೂ ಯಾರಾದ್ರೂ ಹೇಳ್ಕೊಡ್ಬೇಕು. ನೀವು ಹೇಳ್ತೀರಾ?”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಕ್ವಾಯೆಯವರೇ ನಕ್ಕುಬಿಟ್ಟರು, ತಲೆ ಅಲ್ಲಾಡಿಸುತ್ತ. “ನಂಗೆ ಹೆಂಡ್ತಿ ಉಡೋ ಬಟ್ಟೇನೂ, ಮೇಜಿನ ಬಟ್ಟೇನೂ ಒಂದೇ ಥರ ಕಾಣೋದು. ಆಗ್ಲಿ. ಕೋರ್ಕೋ, ಸೋಮವಾರದಿಂದ ಮೇಜಿಗೆ ಬನ್ನಿ. ನಾನು ತಪ್ಪು ಓದಿದೆ.”

“ಮೇಜು ಬೇಕು ಸಾರ್,” ಎಂದಳು ಕೋರ್ಕೋ. “ಫ್ಯಾನೂ ಬೇಕು.”

ನಗೆಯ ನಡುವೆ ಸೆರ್ವಾ ಕೂಗಿ ಕರೆದಳು. ಯಂತ್ರ ಹೊಸದಾಗಿ ಹಿಡಿದ ಆ ತಿಂದುಹೋದ ಎಳೆಗೆ ಹೆಸರು ಬೇಕಿತ್ತು. ಮುಂದೆ ಅಂಥದ್ದು ಸಿಕ್ಕಾಗಲೆಲ್ಲ ಅದೇ ಹೆಸರು ಹೇಳುತ್ತದೆ, ಏನಂತ ಬರೆಯಲಿ? ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಇಲಿಹಲ್ಲು ಎಂದರು, ಗೆದ್ದಲು ಎಂದರು. ಕೋರ್ಕೋ ಎಲ್ಲರನ್ನೂ ಸರಿಸಿ ಪರದೆಯ ಮುಂದೆ ನಿಂತಳು.

“ಇಷ್ಟು ದಿನ ಯಾರ ಕಣ್ಣಿಗೂ ಬೀಳ್ದೆ ಮೆತ್ತಗೆ ಕೂತಿತ್ತಲ್ಲ? ಅಕ್ಪೆನೆ ಅಂತ್ಲೇ ಇಡಮ್ಮ.”

ಸೆರ್ವಾ ಹೆದರಿ ಅಕ್ಪೆನೆಯ ಕಡೆ ನೋಡಿದಳು. ಅಕ್ಪೆನೆಗೆ ಎದೆಯ ಒಳಗೆ ಎಲ್ಲೋ ಚುಚ್ಚಿತು, ಚುಚ್ಚಿದ ಜಾಗದಿಂದಲೇ ನಗು ಬುಳಬುಳನೆ ಮೇಲೆ ಬಂತು. ಹೊಟ್ಟೆ ಹಿಡಿದುಕೊಂಡು, ಚೌಕಟ್ಟಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. “ಇಡು, ಇಡು,” ಎಂದಳು. “ಅಕ್ಷರ ಸರಿಯಾಗಿ ಬರಿ.”

ಅದೇ ಮಧ್ಯಾಹ್ನ ಯಂತ್ರದ ಕೆಳಗೆ ಹೊಸ ಬಟ್ಟೆ ಓಡತೊಡಗಿತು. ಅಕ್ಪೆನೆ ಮುಸುಕಿನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು. ನೂರು ಗಜ ಆಗಿರಬೇಕು, ಗಂಟೆ ಬಾರಿಸಿತು. ಕೋರ್ಕೋ ಪರದೆಗೆ ಮೂಗು ತಾಗಿಸಿ ಓದಿದಳು, ಆಮೇಲೆ ಇಡೀ ಹಜಾರಕ್ಕೆ ಕೇಳುವಂತೆ ಕೂಗಿದಳು.

“ಅಕ್ಪೆನೆ ಸಿಕ್ಕಿಬಿದ್ಲು!”

“ಎಷ್ಟನೇ ಗಜದಲ್ಲಿ?” ಎಂದು ಅಕ್ಪೆನೆ ಅಷ್ಟೇ ಜೋರಾಗಿ ಕೇಳಿ, ತೋಳು ಮಡಚಿಕೊಂಡು ಅಲ್ಲಿಗೆ ಹೊರಟಳು.